ಮೂರನೇ ತರಗತಿಯ ಮುಚ್ಚಿದ ಬಾಯಿಗಳು

ಮೂರನೇ ತರಗತಿಯ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಆ ಶಾಲೆಯ ಬೇರೆ ಯಾವ ತರಗತಿಯಲ್ಲೂ ಈ ಅಭ್ಯಾಸವಿರಲಿಲ್ಲ.

ಹಲ್ಲಿನ ವೈದ್ಯೆ ತಿಂಗಳಿಗೊಮ್ಮೆ ಬಂದು ಮಕ್ಕಳ ಹಲ್ಲು ನೋಡುತ್ತಿದ್ದಳು, ಬ್ರಷ್ ಹಿಡಿಯುವುದನ್ನು ಕಲಿಸುತ್ತಿದ್ದಳು. ಈ ಒಂದು ಕೋಣೆಯಲ್ಲಿ ಮಾತ್ರ ಅವಳ ಕೆಲಸ ಸಾಗುತ್ತಿರಲಿಲ್ಲ. "ಆ ಅನ್ನಿ" ಎಂದರೆ ಬೆರಳ ಸಂದಿಯಿಂದಲೇ "ಆ" ಎನ್ನುತ್ತಿದ್ದರು.

ಇದು ಆರನೆಯ ಭೇಟಿ, ಕೊನೆಯದೂ ಹೌದು. ಮುಂದಿನ ತಿಂಗಳಿನಿಂದ ಅವಳಿಗೆ ಬೇರೆ ಶಾಲೆ. ಬಾಗಿಲಲ್ಲೇ ಮೇಷ್ಟ್ರನ್ನು ತಡೆದು ನಿಲ್ಲಿಸಿದಳು.

"ಬಾಯಿ ಮುಚ್ಕೊಂಡಿರಿ ಅಂತ ಮಕ್ಕಳಿಗೆ ನೀವೇ ಕಲಿಸಿದೀರಾ, ಮೇಷ್ಟ್ರೇ?"

"ನಾನಾ? ಇಲ್ವಲ್ಲ ಡಾಕ್ಟ್ರೇ," ಎಂದರು ಮೇಷ್ಟ್ರು, ಬಾಯಿಗೆ ಕೈ ಅಡ್ಡ ಹಿಡಿದು.

ಹೇಳಿದ ಮೇಲೆ ಅವರಿಗೇ ತಮ್ಮ ಕೈ ಕಾಣಿಸಿತು. ಅವಳಿಗೂ ಕಾಣಿಸಿತು. ಇಷ್ಟು ದಿನ ಆ ಕೈಯನ್ನು ಅವಳು ಜಂಬವೆಂದುಕೊಂಡಿದ್ದಳು, ಒಳಗೊಳಗೇ ತನ್ನನ್ನು ನೋಡಿ ನಗುತ್ತಾರೆಂದುಕೊಂಡಿದ್ದಳು. ಆದರೂ ಈ ಶಾಲೆಗೆ ಬರುವ ದಿನ ಇಸ್ತ್ರಿ ಮಾಡಿದ ಕೋಟನ್ನೇ ಆರಿಸುತ್ತಿದ್ದಳು.

"ಏನಾಗಿದೆ?" ಎಂದಳು, ದನಿ ತಗ್ಗಿಸಿ.

"ಚಿಕ್ಕವನಿದ್ದಾಗ ಉಯ್ಯಾಲೆಯಿಂದ ಬಿದ್ದೆ. ಮುಂದಿನ ಹಲ್ಲು ಅರ್ಧ ಹೋಯ್ತು."

"ಅಷ್ಟಕ್ಕೆ ಮೂವತ್ತೆರಡಕ್ಕೂ ಪರದೆನಾ?"

ಮೇಷ್ಟ್ರು ಮಕ್ಕಳ ಕಡೆ ನೋಡಿದರು.

"ಇವತ್ತೂ ಇವರು ಬಾಯಿ ತೆಗೀಲಿಲ್ಲ ಅಂದ್ರೆ," ಎಂದಳು, "ಯಾವ ಮಗುವಿಗೆ ನೋವಿದೆ ಅಂತ ಗೊತ್ತೇ ಆಗಲ್ಲ."

ಮೇಜಿನ ಮೇಲೆ ಬಣ್ಣದ ಗುಳಿಗೆಗಳಿದ್ದವು. ಅಗಿದರೆ, ಸರಿಯಾಗಿ ಉಜ್ಜದ ಜಾಗವೆಲ್ಲ ಕೆಂಪಾಗುತ್ತದೆ. ಯಾರೂ ಮುಟ್ಟಿರಲಿಲ್ಲ. ಮೇಷ್ಟ್ರು ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮಕ್ಕಳ ಕಡೆ ತಿರುಗಿ ಹಲ್ಲು ಬಿಟ್ಟರು.

ಮಕ್ಕಳೆಲ್ಲ ಕತ್ತು ಉದ್ದ ಮಾಡಿ ನೋಡಿದರು.

"ಸಾರ್, ನಿಮ್ದೂ ಬಿದ್ದೋಗಿದ್ಯಾ?" ಮುಂದಿನ ಬೆಂಚಿನ ಪುಟ್ಟಿ ಎದ್ದು ನಿಂತಳು. "ನಂದೂ! ನೋಡಿ!"

ಬಾಯಿ ಅಗಲಿಸಿ ತೋರಿಸಿದಳು. ಆಮೇಲೆ ನಾ ಮುಂದು ತಾ ಮುಂದು ಎಂದು ಎಲ್ಲರೂ ಗುಳಿಗೆಗೆ ಮುಗಿಬಿದ್ದರು. ಮೂರನೇ ಬೆಂಚಿನ ಮೌನಿ ಹುಡುಗನ ದವಡೆಯಲ್ಲಿ ದೊಡ್ಡ ಹುಳುಕಿತ್ತು. ಎಷ್ಟು ದಿನದಿಂದ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದನೋ. ಎಲ್ಲರ ತಪಾಸಣೆ ಕಾರ್ಡು ತುಂಬಿದ ಮೇಲೆ ಅವನ ಅಮ್ಮನಿಗೆ ಚೀಟಿ ಬರೆದಳು.

ಬರೆಯುತ್ತಿದ್ದಾಗ ಮೇಷ್ಟ್ರು ಬಂದು ಅವಳ ಮೇಜನ್ನು ಸದ್ದಿಲ್ಲದೆ ಒಂದು ಗೇಣು ಸರಿಸಿದರು. ಬಿಸಿಲು ಸರಿದಿತ್ತು, ಈಗ ಕಾಗದದ ಮೇಲೆ ಮತ್ತೆ ಬೆಳಕು ಬಿತ್ತು. ಪ್ರತಿ ತಿಂಗಳೂ ತನ್ನ ಜಾಗ ಬೆಳಕಿನಲ್ಲೇ ಇರುತ್ತಿತ್ತೆಂಬುದು ಅವಳಿಗೆ ಆಗ ಹೊಳೆಯಿತು.

ಗಂಟೆ ಹೊಡೆದು ಮಕ್ಕಳು ಹೊರಗೋಡಿದರು.

"ನನ್ನ ಕಾರ್ಡು?" ಎಂದರು ಮೇಷ್ಟ್ರು.

"ಒಂದು ಹಲ್ಲು ಕಟ್ಟಬೇಕು. ಮಿಕ್ಕಿದ್ದೆಲ್ಲ ಚೆನ್ನಾಗಿ ಉಜ್ಜಿದೀರ."

"ಮಕ್ಕಳ ಜೊತೆ ನಾನೂ ಕಲಿತೆ. ಕಟ್ಟಿದ ಮೇಲೆ ನಿಮ್ಮ ಕ್ಲಿನಿಕ್‌ಗೆ ಬರೋಕೆ ನೆಪ ಇರಲ್ವಲ್ಲ?"

ಅವಳ ಪೆನ್ನು ನಿಂತಿತು. "ಆರು ತಿಂಗಳಿಗೊಮ್ಮೆ ಎಲ್ಲರೂ ಬರಬೇಕು."

"ಆರು ತಿಂಗಳು ಆಗಲೇ ಕಾದಿದೀನಿ ಡಾಕ್ಟ್ರೇ. ನಿಮ್ಮ ಮುಖವನ್ನ ಪೂರ್ತಿ ನೋಡೇ ಇಲ್ಲ."

ನಿಜ. ಶಾಲೆಯಲ್ಲಿ ಅವಳು ಒಮ್ಮೆಯೂ ಮಾಸ್ಕ್ ತೆಗೆದಿರಲಿಲ್ಲ. ಈಗ ತೆಗೆದಳು. ತುಸು ತಡೆದು, ನಕ್ಕಳು. ಎಡಗಡೆ ಹಲ್ಲಿನ ಮೇಲೊಂದು ಹಲ್ಲು.

"ಹಲ್ಲಿನ ಡಾಕ್ಟ್ರಿಗೇ ಸೊಟ್ಟ ಹಲ್ಲಾ!"

"ಸರಿ ಮಾಡಿಸ್ಕೊಳ್ಳೋಕೆ ಪುರುಸೊತ್ತಾಗಿಲ್ಲ."

"ಬೇಡ," ಎಂದರು ಮೇಷ್ಟ್ರು ಮೆಲ್ಲಗೆ. "ಹಾಗೇ ಇರಲಿ."

ಅವಳು ಕಾರ್ಡಿನಲ್ಲಿ ದಿನ ಬರೆದು ಮುಂದೆ ಚಾಚಿದಳು. ಅವರು ಓದಿದರು.

"ಭಾನುವಾರ ಹತ್ತು ಗಂಟೆ... ಅವತ್ತು ಕ್ಲಿನಿಕ್‌ಗೆ ರಜಾ ಅಲ್ವಾ?"

"ಹೌದು," ಎಂದಳು.

ಮೇಷ್ಟ್ರು ನಕ್ಕರು, ಎರಡೂ ಕೈಗಳಲ್ಲಿ ಕಾರ್ಡ್ ಹಿಡಿದುಕೊಂಡೇ.