ಒಂಬತ್ತು ಮಂದಿಯ ತಗಡು

ಸಂಕ್ರಾಂತಿಯ ಮಧ್ಯಾಹ್ನ ಮೂರು ಹತ್ತಕ್ಕೆ ಗದ್ವಾಲದ ನೇಕಾರ ಯಲ್ಲಯ್ಯ ಒದ್ದೆ ಬಟ್ಟೆಯಲ್ಲೇ ಮಕ್ತಲ್ ಠಾಣೆಗೆ ಬಂದ. ಕೃಷ್ಣೆಯಲ್ಲಿ ವಿಹಾರದ ದೋಣಿ ಮಗುಚಿ ಅವನ ಹೆಂಡತಿ ನವನೀತಾ ಸತ್ತಿದ್ದಳು.

"ಎಷ್ಟು ಮಂದಿ ಹತ್ತಿದ್ರಿ?" ಎಸ್‌ಐ ವಿಜಯಶ್ರೀ ಕೇಳಿದಳು.

"ಒಂಬತ್ತು ಮಂದಿರಿ. ದೋಣೀಗೆ ಬಡದ ತಗಡಿನ ಮ್ಯಾಲ ಒಂಬತ್ತು ಅಂತ ಬರದಿತ್ತು. ಆಕಿ ಅಂಜತಿದ್ಲು. ನಾನೇ ಓದಿ ಹೇಳಿ ಹತ್ತಿಸಿದೆ."

ವಿಜಯಶ್ರೀ ಒಂಬತ್ತು ಎಂದು ಬರೆದುಕೊಂಡಳು, ಕೊನೆಯ ಮಾತನ್ನು ಬರೆಯಲಿಲ್ಲ. ಎಫ್‌ಐಆರ್‌ನಲ್ಲಿ ಅದಕ್ಕೆ ಕಾಲಂ ಇಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ದಂಡೆಗೆ ಎಳೆದು ತಂದ ದೋಣಿಯ ಪಂಚನಾಮೆ. ಎಷ್ಟು ಜನ, ಎಷ್ಟು ತೂಕ ಎಂದು ಬರೆದ ತಗಡು ದೋಣಿಯಲ್ಲಿ ಇರಲೇಬೇಕೆಂಬುದು ಕಾನೂನು. ಇತ್ತು.

"ಎಲ್ಲಾ ಸರಿ ಐತ್ರಿ ಮೇಡಂ," ಎಂದ ಕಾನ್‌ಸ್ಟೆಬಲ್ ಶ್ರೀನು.

ವಿಜಯಶ್ರೀ ಪೆನ್ನು ತಡೆದಳು. ಈ ಸೀಮೆಯಲ್ಲಿ ಮಹಾನವಮಿಯ ದಿನ ಸೂಜಿಯಿಂದ ಲಾರಿಯವರೆಗೆ ಯಾವುದೂ ಪೂಜೆ ತಪ್ಪಿಸಿಕೊಳ್ಳುವುದಿಲ್ಲ. ಎಂಜಿನ್, ಹುಟ್ಟು, ಚುಕ್ಕಾಣಿಗಳ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಮುಳುಗಿದರೂ ಅಳಿದಿರಲಿಲ್ಲ. ತಗಡು ಮಾತ್ರ ಬೋಳು. ಅದರ ನಂಬರು ನೋಂದಣಿ ಪತ್ರಕ್ಕೆ ತಾಳೆಯಾಗಲಿಲ್ಲ. ಪತ್ರದಲ್ಲಿ ಇದ್ದದ್ದು ಆರೇ ಜನ.

ದೋಣಿ ಸಾಯಣ್ಣನದು, ಅಂದು ನಡೆಸಿದವನೂ ಅವನೇ. ಹನ್ನೊಂದಕ್ಕೆ ಅವನ ಮನೆಯ ಟ್ರಂಕಿನಲ್ಲಿ, ತೀರಿಹೋದ ಹೆಂಡತಿಯ ಸೀರೆಯೊಳಗೆ ಸುತ್ತಿಟ್ಟ ಆರು ಮಂದಿಯ ತಗಡು ಸಿಕ್ಕಿತು.

"ಒಂಬತ್ತರದು ಎಲ್ಲೀದು?" ವಿಜಯಶ್ರೀ ಅವನನ್ನು ಕೇಳಿದಳು.

"ಒಡದುಹೋದ ನನ್ನ ದೊಡ್ಡ ದೋಣೀದುರಿ."

"ಅದಕ್ಕ ಕುಂಕುಮ ಯಾಕ ಹಚ್ಚಿಲ್ಲ?"

"ಸುಳ್ಳಿಗೆ ಹಚ್ಚಾಕ ಕೈ ಬರಲಿಲ್ಲರಿ."

"ಅಂದ್ರ ಗೊತ್ತಿತ್ತು. ಯಾಕ ಬದಲಿ ಮಾಡಿದಿ?"

ಸಾಯಣ್ಣ ಸೀರೆ ಮಡಚುತ್ತಲೇ ಹೇಳಿದ. "ಹೋದ ಬ್ಯಾಸಗ್ಯಾಗ ಆ ಕಡೆ ದಂಡ್ಯಾಗ ನನ್ನ ಹೇಣ್ತಿ ಬುಚ್ಚಮ್ಮಗ ಎದಿನೋವು ಬಂತ್ರಿ. ದೋಣ್ಯಾಗ ಆರು ಮಂದಿ ಕುಂತಿದ್ರು. ಏಳು ಮಂದಿ ಆಗಂಗಿಲ್ಲ, ಕಾನೂನು ಐತಿ ಅಂತ ಆಕೀನ್ನ ಅಲ್ಲೇ ಬಿಟ್ಟು ಬಂದೆ. ತಿರುಗಿ ಹೋಗೂದ್ರಾಗ ಜೀವ ಹೋಗಿತ್ತು. ಇನ್ನ ಯಾರನ್ನೂ ದಂಡ್ಯಾಗ ಬಿಡಬಾರದು ಅನ್ನಿಸ್ತು."

"ಆರರಾಗ ಒಬ್ಬರನ್ನ ಇಳಿಸಬೇಕಿತ್ತಲ್ಲ?"

ಸಾಯಣ್ಣ ಸೀರೆಯನ್ನು ಟ್ರಂಕಿನಲ್ಲಿಟ್ಟು ಮುಚ್ಚಿದ.

"ಇಳೀರಿ ಅಂತ ಕೇಳಾಕ ಬಾಯಿ ಬರಲಿಲ್ಲರಿ."

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರೆ. ಇವನಿಗೆ ತನ್ನ ಮೇಲಿದ್ದ ಕೋಪ ತಗಡಿನ ಮೇಲೆ ತೀರಿತ್ತು, ಬೆಲೆ ತೆತ್ತವಳು ನವನೀತಾ. ವಿಜಯಶ್ರೀಗೆ ಸಿಟ್ಟೂ ಬಂತು, ಮರುಕವೂ ಬಂತು. ಒಂದು ಇಪ್ಪತ್ತಕ್ಕೆ ಬಂಧನವಾಯಿತು.

ಠಾಣೆಯ ಬೆಂಚಿನ ಮೇಲೆ ಯಲ್ಲಯ್ಯ ಕೂತಿದ್ದ. ಸಾಯಣ್ಣ ಅವನೆದುರು ನಿಂತು ಕೈ ಮುಗಿದ. ಯಲ್ಲಯ್ಯ ಒಂದೇ ಮಾತು ಕೇಳಿದ.

"ಆಕಿ ಅಂಜಿದ್ದು ನೋಡಿದ್ದಿಲ್ಲೇನು?"

"ನೋಡಿದ್ದೆ," ಎಂದ ಸಾಯಣ್ಣ.