ಗಂಟೆ ನಿಂತ ಕಡೆ

"ಈ ವಯಸ್ಸಲ್ಲಿ ನನಗೆ ನಾಯಿಮರಿ ಯಾಕಪ್ಪಾ ಬೇಕಿತ್ತು?"

ಓರೆಸ್ತೆ ಕೇಳಿದ್ದು ಯಾರನ್ನೂ ಅಲ್ಲ. ಊರ ನೀರಿನ ತೊಟ್ಟಿಯ ಬಳಿ ಒಬ್ಬನೇ ನಿಂತಿದ್ದ. ಅವನ ಕೋಟಿನೊಳಗಿಂದ ಬಿಳಿಯ ಮರಿಯೊಂದು ತಲೆ ಹೊರಹಾಕಿ, ನರೆಗಡ್ಡದ ಗಲ್ಲವನ್ನು ಬಹಳ ಶ್ರದ್ಧೆಯಿಂದ ನೆಕ್ಕುತ್ತಿತ್ತು.

ಅವನ ಬೆನ್ನ ಹಿಂದಿನ ಮೋಟುಗೋಡೆಯಾಚೆ ಎರ್ಸೀಲಿಯಾ ಬಟ್ಟೆ ಒಣಹಾಕುತ್ತಿದ್ದಳು. ಸುಮ್ಮನಿರಲಾಗಲಿಲ್ಲ.

"ಮುಖ ತೊಳೆಸೋಕೆ ಆಳು ಬೇಕಿತ್ತಲ್ಲ, ಅದಕ್ಕೆ!"

ಓರೆಸ್ತೆ ತಿರುಗಲಿಲ್ಲ. ಮರಿಯ ಕಿವಿ ಸವರುತ್ತ ಇಳಿಜಾರಿನಲ್ಲಿ ಹೊರಟೇಹೋದ.

ಒದ್ದೆ ಬಟ್ಟೆ ಹಿಡಿದ ಅವಳ ಕೈ ಹಾಗೆಯೇ ಉಳಿಯಿತು. ಮೊಮ್ಮಕ್ಕಳಿರುವ ಹೆಂಗಸು ತಾನಾಗಿ ಮಾತಾಡಿಸಿದರೆ ಒಂದು ನಗುವೂ ಇಲ್ಲವೆ? ಹೆಂಡತಿ ತೀರಿಕೊಂಡ ಮೇಲೆ ಓರೆಸ್ತೆಗೆ ಜಂಬ ಬಂದಿದೆ ಎಂದು ಮೊಂತೆಬೂಯೊ ಊರೆಲ್ಲ ಆಡಿಕೊಳ್ಳುತ್ತಿತ್ತು. ಚರ್ಚಿನ ಮೆಟ್ಟಿಲ ಮೇಲೆ ಹಿಂದಿನಿಂದ ಕರೆದರೂ ನಿಲ್ಲುವುದಿಲ್ಲವಂತೆ. ಎರ್ಸೀಲಿಯಾ ಅದನ್ನು ನಂಬಿರಲಿಲ್ಲ. ಆ ದಿನ ನಂಬಿದಳು. ನಂಬಿದ್ದಕ್ಕೆ ಇಷ್ಟು ನೋವಾಗಬೇಕೇಕೆ ಎಂದು ಮಾತ್ರ ತಿಳಿಯಲಿಲ್ಲ.

ವಾರ ಕಳೆಯುವ ಮೊದಲೇ ಮರಿ ಗೋಡೆಯ ಸಂದಿನಿಂದ ನುಸುಳಿ ಬಂದು ಅವಳ ಕಾಲುಚೀಲ ಕಚ್ಚಿಕೊಂಡು ಓಡಿತು. ಹಿಂದೆಯೇ ಓರೆಸ್ತೆ ಬಂದ, ಟೊಪ್ಪಿಯನ್ನು ಕೈಯಲ್ಲಿ ಹಿಡಿದು.

"ತಪ್ಪಾಯ್ತು ಎರ್ಸೀಲಿಯಾ. ಬ್ರೀನಾ ಅಂತ ಇವಳ ಹೆಸರು. ಇನ್ನೂ ಬುದ್ಧಿ ಬಂದಿಲ್ಲ."

"ಯಜಮಾನರಿಗೆ ಬಂದಿದ್ಯಾ?"

ಅವನು ನಕ್ಕ. ನಗುವಾಗ ಅವನ ನೋಟ ಅವಳ ಕಣ್ಣಿನ ಮೇಲಿರಲಿಲ್ಲ, ತುಟಿಯ ಮೇಲಿತ್ತು. ಮಾತು ಮುಗಿದ ಮೇಲೂ ಒಂದು ಗಳಿಗೆ ಅಲ್ಲೇ ಉಳಿದು, ನಾಚಿದಂತೆ ಮೆಲ್ಲಗೆ ಕೆಳಗಿಳಿಯಿತು.

ಆ ಸಂಜೆ ಜಪಮಾಲೆ ಹಿಡಿದಾಗ ಎರ್ಸೀಲಿಯಾಗೆ ಮಣಿ ತಪ್ಪಿತು. ಮೇರಿಯಮ್ಮನಲ್ಲಿ ಕ್ಷಮೆ ಕೇಳಿ ಮೊದಲಿನಿಂದ ಶುರುಮಾಡಿದಳು. ಮತ್ತೆ ತಪ್ಪಿತು.

ಬೇಸಿಗೆಯೆಲ್ಲ ಹುಲ್ಲುಗಾವಲಿನಲ್ಲಿ ಬ್ರೀನಾಳಿಗೆ ಬೇಟೆಯ ಪಾಠ ನಡೆಯಿತು. ಹಕ್ಕಿ ತೋರಿಸುವ ನಾಯಿ ಹಕ್ಕಿಯನ್ನು ಅಟ್ಟಬಾರದು, ವಾಸನೆ ಸಿಕ್ಕ ಜಾಗದಲ್ಲಿ ಕಲ್ಲಾಗಿ ನಿಲ್ಲಬೇಕು. ಓಡು ಓಡು ಎಂದು ಮೈಯೆಲ್ಲ ನಡುಗುತ್ತಿರುವಾಗ ನಿಲ್ಲುವುದನ್ನು ಕಲಿಸುವುದೇ ಆ ವಿದ್ಯೆ. ಓರೆಸ್ತೆ ಮುಂದೆ, ಉದ್ದ ಹಗ್ಗದ ತುದಿ ಹಿಡಿದ ಎರ್ಸೀಲಿಯಾ ಹಿಂದೆ.

"ಎಳೀಬೇಡ ಮಾರಾಯ್ತಿ. ಅವಳಾಗೇ ನಿಲ್ಲಲಿ. ಎಳೆದು ನಿಲ್ಲಿಸಿದ್ರೆ ಹಗ್ಗ ಇರೋವರೆಗೆ ಮಾತ್ರ ನಿಲ್ತಾಳೆ."

"ನಾಯಿ ವಿಷಯ ಹೇಳ್ತಿದ್ದೀಯೋ, ಮದುವೆ ವಿಷಯಾನೋ?"

"ಏನಂದೆ?" ಎಂದು ಅವನು ತಿರುಗಿದ. ಅವಳು ಮತ್ತೆ ಹೇಳಿದಳು. ತುಟಿಯನ್ನೇ ನೋಡುತ್ತ ಕೇಳಿದ. "ನಾಯೀದು ಕಣೇ. ಮದುವೇಲಿ ಹಗ್ಗ ನನ್ನ ಕುತ್ತಿಗೇಲೇ ಇತ್ತು."

ಅವಳು ನಕ್ಕ ರಭಸಕ್ಕೆ ಹಗ್ಗ ಕೈಜಾರಿತು, ಬ್ರೀನಾ ಬೇಲಿ ದಾಟಿದಳು. ಇಬ್ಬರೂ ಮಂಡಿ ಹಿಡಿದುಕೊಂಡು ಹಿಂದೆ ಓಡಿದರು.

ಏನಂದೆ, ಏನಂದೆ ಎಂದು ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದನೋ. ತನ್ನ ದನಿ ಇವನಿಗೆ ಇಷ್ಟವೇನೋ, ಎರಡು ಸಲ ಕೇಳುವಷ್ಟು ಇಷ್ಟವೇನೋ ಎಂದುಕೊಂಡಳು ಎರ್ಸೀಲಿಯಾ. ಗಂಡನ ಸಮಾಧಿಗೆ ಹೂವಿಡಲು ಹೋದಾಗ ಅಲ್ಲಿ ಕೊಂಚ ಹೊತ್ತು ಹೆಚ್ಚಾಗಿ ಕೂತಳು. "ಒಂದು ನಾಯಿಮರಿ ಇದೆ," ಎಂದು ಕಲ್ಲಿಗೆ ಹೇಳಿದಳು. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ.

ನವೆಂಬರ್‌ನ ಚಳಿಯೊಂದಿಗೆ ಉದ್ದ ಕೊಕ್ಕಿನ, ತರಗೆಲೆಯ ಬಣ್ಣದ ಹಕ್ಕಿಗಳು ಬೆಟ್ಟದ ಬೀಚ್ ಮರಗಳ ಕಾಡಿಗೆ ಇಳಿದವು. ಬೇಟೆಗಾರರು ಆ ಹಕ್ಕಿಯನ್ನು ಕಾಡಿನ ರಾಣಿ ಎನ್ನುತ್ತಾರೆ. ಪೊದೆಯೊಳಗೆ ಹೊಕ್ಕ ನಾಯಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಕೊರಳಿಗೆ ಗಂಟೆ. ಗಂಟೆ ಕೇಳುತ್ತಿರುವಷ್ಟು ಹೊತ್ತು ನಾಯಿ ಹುಡುಕುತ್ತಿದೆ ಎಂದು ಅರ್ಥ. ಗಂಟೆ ನಿಂತರೆ ನಾಯಿಯ ಮೂಗಿನ ಮುಂದೆ ರಾಣಿ ಕೂತಿದ್ದಾಳೆ.

ಓರೆಸ್ತೆ ಮಾತ್ರ ಪ್ರತಿಸಲವೂ ಬರಿಗೈಯಲ್ಲಿ ಬಂದ. ವೈನ್ ಅಂಗಡಿಯಲ್ಲಿ ಜೊತೆಯ ಬೇಟೆಗಾರ ಟುಲಿಯೊ ಎಲ್ಲರ ಮುಂದೆ ಅಂದೇಬಿಟ್ಟ: "ನಿನ್ನ ಹುಡುಗಿ ಸುಳ್ಳಿ ಕಣೋ!"

ಹಕ್ಕಿಯಿಲ್ಲದ ಕಡೆಯೂ ನಿಲ್ಲುತ್ತಾಳೆ ಎಂಬ ಆ ಮಾತಿಗಿಂತ ದೊಡ್ಡ ಬೈಗುಳ ಬೇಟೆನಾಯಿಗಿಲ್ಲ. ಓರೆಸ್ತೆ ಎರ್ಸೀಲಿಯಾಳ ಮನೆಯ ಬಾಗಿಲಲ್ಲಿ ನಿಂತು, ಒಳಗೂ ಬರದೆ ಹೇಳಿದ. "ಗಂಟೆ ನಿಲ್ಲುತ್ತೆ. ನಾನು ಹೋಗಿ ನೋಡಿದ್ರೆ ಓಡಾಡ್ತಿರ್ತಾಳೆ. ಹಕ್ಕೀನೂ ಇಲ್ಲ, ಹಕ್ಕಿ ಗರೀನೂ ಇಲ್ಲ. ಬೈದೆ, ಹೊಡೆದೂ ನೋಡ್ದೆ. ಭಾನುವಾರ ಕೊನೇ ಸಲ. ಆಮೇಲೆ ಟುಲಿಯೊನ ಭಾವನ ಕೋಳಿಫಾರಂಗೆ ಕೊಡ್ತೀನಿ, ಕಾವಲಿಗೆ."

"ಸರಪಳಿ ಹಾಕಿ ಕಟ್ತಾರಾ?"

ಬ್ರೀನಾ ಅವನ ಕಾಲ ಹಿಂದೆ ಹೊಟ್ಟೆಯನ್ನು ನೆಲಕ್ಕೊತ್ತಿ ಕೂತಿದ್ದಳು. ಅವಳು ಹಾಗೆ ಕೂರುವುದನ್ನು ಎರ್ಸೀಲಿಯಾ ಮೊದಲು ನೋಡಿರಲಿಲ್ಲ.

"ನಾನೂ ಬರ್ತೀನಿ."

"ಕಾಡಿಗಾ? ನೀನಾ?"

"ಬೆಳಗಿನ ಪೂಜೆ ಮುಗಿಸ್ಕೊಂಡು ಬರ್ತೀನಿ. ಕಾಯ್ತಿರು."

ಭಾನುವಾರ ಕಾಡಿನ ತುಂಬ ಮಂಜು. ಬ್ರೀನಾ ಪೊದೆ ಹೊಕ್ಕಳು, ಗಂಟೆಯ ಸದ್ದು ಇಳಿಜಾರಿನಲ್ಲಿ ದೂರವಾಗುತ್ತ ಹೋಯಿತು. ಎರ್ಸೀಲಿಯಾಳ ಅಪ್ಪ ಕುರಿ ಕಾಯುತ್ತಿದ್ದವನು. ಓದು ಬಾರದಿದ್ದರೂ ಎಂಟೆಂಟು ಸಾಲಿನ ಹಳೆಯ ಪದ್ಯಗಳನ್ನು ಒಲೆಯ ಮುಂದೆ ಬಾಯಿಪಾಠ ಹೇಳುತ್ತಿದ್ದ. ಸಾಲು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಅವಳ ಕಿವಿಗೆ ಚಿಕ್ಕಂದಿನಿಂದ ಗೊತ್ತು. ಗಂಟೆಯನ್ನೂ ಅವಳು ಹಾಗೆಯೇ ಕೇಳಿದಳು.

ಓರೆಸ್ತೆ ಕೈಯೆತ್ತಿದ. "ನಿಂತ್ಳು!" ಎಂದು ಪಿಸುಗುಟ್ಟಿದ. ಮುಖದಲ್ಲಿ ಹುಡುಗನ ಕಳೆ.

ಆದರೆ ಗಂಟೆ ನಿಂತಿರಲಿಲ್ಲ. ಎಡಗಡೆ, ಕೆಳಗೆ, ಸಣ್ಣಗೆ, ಉಸಿರೂ ತೆಗೆದುಕೊಳ್ಳದೆ ಓಡುತ್ತಿತ್ತು.

ಎರ್ಸೀಲಿಯಾ ಬಾಯಿ ತೆರೆಯುವಷ್ಟರಲ್ಲಿ ಅವನು ಕೊಂಬೆ ಸರಿಸಿ ನುಗ್ಗಿದ್ದ. ಮೂಸುತ್ತ ಓಡಾಡುತ್ತಿದ್ದ ಬ್ರೀನಾ ಅವನನ್ನು ಕಂಡದ್ದೇ ನೆಲಕ್ಕಂಟಿದಳು. ಅವನು ಎತ್ತಿದ ಕೈಯನ್ನು ಎರ್ಸೀಲಿಯಾ ಹಿಂದಿನಿಂದ ಹಿಡಿದಳು.

"ಹೊಡೀಬೇಡ. ಅವಳು ನಿಂತೇ ಇರ್ಲಿಲ್ಲ."

"ಏನಂದೆ?" ಎಂದು ತಿರುಗಿ ಅವಳ ತುಟಿ ನೋಡಿದ.

ಆಗ ಅವಳಿಗೆ ಎಲ್ಲ ಅರ್ಥವಾಯಿತು. ನೀರಿನ ತೊಟ್ಟಿ, ಚರ್ಚಿನ ಮೆಟ್ಟಿಲು, ಬೇಸಿಗೆಯಿಡೀ ಕೇಳಿದ ಏನಂದೆಗಳು. ತುಟಿಯ ಮೇಲಿನ ಆ ನೋಟವೂ. ಹೇಳಿದರೆ ಈ ಮನುಷ್ಯನಿಂದ ಕಾಡನ್ನೇ ಕಿತ್ತುಕೊಂಡಂತೆ. ಹೇಳದಿದ್ದರೆ ಆ ಮೂಕಪ್ರಾಣಿಗೆ ಸರಪಳಿ. ದೇವರೇ, ಎಂದು ಮನಸ್ಸಿನಲ್ಲೇ ಅಂದುಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಗಂಟೆ ಬಡೀತಾನೇ ಇತ್ತು, ಓರೆಸ್ತೆ. ನಿನಗೆ ಕೇಳಿಸಲಿಲ್ಲ."

ನೆಲಕ್ಕುರುಳಿದ್ದ ಮರವೊಂದರ ಮೇಲೆ ಅವನು ಕೂತ.

"ಮಾತು ಕಿವಿಗೆ ಬೀಳ್ತಿಲ್ಲ ಅಂತ ಗೊತ್ತಿತ್ತು. ಮುಚ್ಚಿಟ್ಕೊಂಡಿದ್ದೆ. ಗಂಟೇನೂ ಕೇಳಿಸ್ತಿಲ್ಲ ಅಂತ ಗೊತ್ತಿರ್ಲಿಲ್ಲ." ಬ್ರೀನಾಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು ಅವಳ ಹಣೆಗೆ ಹಣೆ ಹಚ್ಚಿದ. "ಸುಳ್ಳಿ ಅಂದೆನಲ್ಲೇ ನಿನ್ನ. ಹೊಡೆದೆನಲ್ಲೇ."

"ಕಿವಿಗೆ ಮಿಷನ್ ಸಿಗುತ್ತಲ್ಲ?"

"ಹಾಕ್ಕೊಂಡು ಬಂದಿದ್ದೆ ಒಂದಿನ. ಬರೀ ಗಾಳಿ, ಬರೀ ತರಗೆಲೆ ಸದ್ದು. ಕಿತ್ತು ಜೇಬಿಗೆ ಹಾಕ್ದೆ."

ಕೇಳಬಾರದೆಂದುಕೊಂಡರೂ ಎರ್ಸೀಲಿಯಾ ಕೇಳಿದಳು. "ಹಾಗಾದ್ರೆ ನನ್ನ ತುಟಿ ನೋಡ್ತಿದ್ದಿದ್ದು ಬರೀ ಮಾತಿಗಾ?"

ಅವನು ಅವಳ ತುಟಿ ಓದಿಕೊಂಡ. ಮುದಿ ಕೆನ್ನೆ ಕೆಂಪಾಯಿತು. "ಮೊದಮೊದ್ಲು."

"ಆಮೇಲೆ?"

"ಆಮೇಲೆ ನೀನು ಸುಮ್ನಿದ್ದಾಗ್ಲೂ ನೋಡ್ತಿದ್ದೆ. ಗೊತ್ತಿಲ್ದೋರ ಹಾಗೆ ಕೇಳ್ತೀಯಲ್ಲ."

ಅವಳು ಕಣ್ಣು ತಗ್ಗಿಸಿ, ತೋಳಿಗಂಟಿದ್ದ ಒಂದು ಎಲೆಯನ್ನು ಸುಮ್ಮನೆ ಚೂರುಚೂರು ಮಾಡಿದಳು.

ಬ್ರೀನಾಳನ್ನು ಮತ್ತೆ ಬಿಟ್ಟರು. ಈ ಸಲ ಎರ್ಸೀಲಿಯಾ ಅವನ ತೋಳು ಹಿಡಿದು ನಡೆದಳು. ಗಂಟೆ ಹತ್ತಿತು, ಇಳಿಯಿತು, ತಡವರಿಸಿತು. ನಿಂತಿತು. ಪದ್ಯದ ಎಂಟನೆಯ ಸಾಲು ಮುಗಿದ ಹಾಗೆ.

ಅವಳು ತೋಳನ್ನು ಬಿಗಿಯಾಗಿ ಅದುಮಿದಳು. ಅವನು ಪ್ರಶ್ನೆ ಕೇಳಲಿಲ್ಲ.

ಮುಳ್ಳುಪೊದೆಯ ಬುಡದಲ್ಲಿ ಬ್ರೀನಾ ಒಂದು ಮುಂಗಾಲೆತ್ತಿ, ಬಾಲ ನೇರಮಾಡಿ, ಉಸಿರು ಹಿಡಿದು ನಿಂತಿದ್ದಳು. ಎಳೆಯ ನಾಯಿ ಮೊದಲ ಬಾರಿ ನಿಜವಾಗಿ ನಿಂತಾಗ ಆ ಊರಿನವರು ಗುಂಡು ಹಾರಿಸುವುದಿಲ್ಲ. ಓರೆಸ್ತೆ ಟೊಪ್ಪಿ ತೆಗೆದ. ತರಗೆಲೆಯೇ ಜೀವ ಬಂದು ಎದ್ದಂತೆ ಹಕ್ಕಿ ರೆಕ್ಕೆ ಬಡಿದು ಮಂಜಿನೊಳಗೆ ಹೋಯಿತು. ಬ್ರೀನಾ ಕದಲಲಿಲ್ಲ. ಓರೆಸ್ತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಅವನ ಗಡ್ಡ ಒದ್ದೆಯಾಗಿತ್ತು.

ಊರ ಚಾವಣಿಗಳು ಕಾಣುವವರೆಗೂ ಇಬ್ಬರೂ ಇಳಿದು ಬಂದರು. ಅಲ್ಲಿ ಅವನು ನಿಂತು, ಬ್ರೀನಾಳ ಹಗ್ಗವನ್ನು ಎರ್ಸೀಲಿಯಾಳ ಕೈಗೆ ಇಟ್ಟ.

"ಒಂದು ಕೇಳ್ತೀನಿ, ನಡೆಸಿಕೊಡು. ಇವಳನ್ನ ಇವತ್ತೇ ನಿನ್ನ ಮನೆಗೆ ಕರ್ಕೊಂಡು ಹೋಗು. ನಿನ್ನವಳೇ ಅಂದ್ಕೋ. ನನ್ನ ಹತ್ರ ಇದ್ರೆ ಹಾಳಾಗ್ತಾಳೆ. ಕಿವಿ ಕೇಳಿಸೋರ ಮನೇಲಿರ್ಲಿ. ಇಲ್ಲ ಅನ್ಬೇಡ."

ಎರ್ಸೀಲಿಯಾ ಹಗ್ಗ ನೋಡಿದಳು, ಅದನ್ನು ಕೊಟ್ಟ ಕೈ ನೋಡಿದಳು. ತಲೆ ತಗ್ಗಿಸಿಯೇ ಏನೋ ಹೇಳಿದಳು.

"ಏನಂದೆ?"

ಜನ್ಮದಲ್ಲಿ ಅವಳು ದನಿ ಏರಿಸಿದವಳಲ್ಲ. ಪ್ರಾರ್ಥನೆಯನ್ನೂ ಮೆಲ್ಲಗೆ ಹೇಳುವವಳು. ಹಗ್ಗವನ್ನು ತಿರುಗಿ ಅವನ ಅಂಗೈಗಿಟ್ಟು, ಆ ಗಡ್ಡದ ಮುಖವನ್ನು ಎರಡೂ ಕೈಯಿಂದ ಹಿಡಿದು ತನ್ನ ಕಡೆ ತಿರುಗಿಸಿದಳು. ಕೆಳಗೆ ವೈನ್ ಅಂಗಡಿಯ ಬಾಗಿಲಲ್ಲಿದ್ದ ಟುಲಿಯೊ ಕೂಡ ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು:

"ಇಲ್ಲ ಅಂದೆ! ಬರೀ ನಾಯೀನ ನಾನು ತಗೊಳ್ಳಲ್ಲ!"