ಇಬ್ಬರೂ ಊದಿದ ವಾದ್ಯ

ಅಂಗಿ ಕೊಡವಿದರೆ ಹೊಟ್ಟು ಉದುರಿತು. ಅಣ್ಣತಮ್ಮಂದಿರಲ್ಲಿ ಕಿರಿಯವನು ಕನ್ನಡಿಗೆ ಬೆನ್ನು ಕೊಟ್ಟು ಕತ್ತು ಹೊರಳಿಸಿದ. ಹೆಗಲಿಂದ ಸೊಂಟದವರೆಗೆ ಕೆಂಪು ಚುಕ್ಕೆಗಳು, ಒಂದೊಂದರ ಮೇಲೂ ಬಿಳಿ ಹಕ್ಕಳೆ. ಮೊನ್ನೆ ನಾಲ್ಕೋ ಐದೋ ಇದ್ದವು. ಈಗ ಎಣಿಸಲು ಮನಸ್ಸಾಗಲಿಲ್ಲ.

ಅವನ ನಾಲ್ಕು ವರ್ಷದ ಮಗಳು ಓಡಿ ಬಂದಳು. ಅಣ್ಣ ಅವಳನ್ನು ನಡುವೆಯೇ ಎತ್ತಿಕೊಂಡ.

"ಅಪ್ಪನ್ನ ಮುಟ್ಟಬಾರದು ಪುಟ್ಟಿ. ಅಂಟುತ್ತೆ."

ಅವತ್ತೇ ಅವನ ಹಾಸಿಗೆ ಅವರಿಬ್ಬರ ವಾದ್ಯ ರಿಪೇರಿ ಅಂಗಡಿಯ ಮೇಲಿನ ಉಗ್ರಾಣಕ್ಕೆ ಹೋಯಿತು. ತಟ್ಟೆ ಬೇರೆ, ಟವೆಲ್ಲು ಬೇರೆ. ಎಂಟು ದಿನ ಮಗಳು ಮೆಟ್ಟಿಲ ಕೆಳಗೆ ನಿಂತು ಕೈ ಬೀಸಿದಳು. ಅವನಿಗೆ ಚರ್ಮಕ್ಕಿಂತ ಹೆಚ್ಚು ಉರಿದದ್ದು ಅದು.

ಕೊನೆಗೆ ಅಣ್ಣನೇ ಚರ್ಮದ ಡಾಕ್ಟರ ಬಳಿ ಕರೆತಂದ. ಆಕೆ ಕಡಿಮೆ ಮಾತಿನ ಹೆಂಗಸು. ಅಂಗೈ, ಅಂಗಾಲು, ಉಗುರು, ಬಾಯಿ — ಒಂದನ್ನೂ ಬಿಡದೆ ದೀಪ ಹಿಡಿದು ನೋಡಿದಳು.

"ಕ್ಲಾರಿನೆಟ್ ರಿಪೇರಿಗೆ ಬಳಸೋ ಪಾಲಿಶ್ ಪುಡಿದೇ ಕೆಲಸ ಡಾಕ್ಟ್ರೇ," ಎಂದ ಅಣ್ಣ, ಒಡೆದ ದನಿಯಲ್ಲಿ. "ಹೊಸ ಡಬ್ಬಿ ತಂದಿದ್ವಿ."

"ನೀವೂ ಅದನ್ನೇ ಬಳಸ್ತೀರಲ್ಲ? ನಿಮ್ಮ ಕೈ ಚೆನ್ನಾಗಿದೆ. ಇವರ ಕೈಯೂ ಚೆನ್ನಾಗಿದೆ. ಪುಡಿ ಬೆರಳು ಬಿಟ್ಟು ಬೆನ್ನಿಗೆ ಹೋಯ್ತಾ?"

"ಹಾಗಾದ್ರೆ ಹುಳುಕಡ್ಡಿ?"

"ಅದು ಉಂಗುರ ಕಟ್ಟುತ್ತೆ. ಇವು ಹನಿಗಳು. ಇಂಜೆಕ್ಷನ್ ಏನಾದ್ರೂ ಹಾಕಿಸಿದ್ರಾ?"

"ನಾಳೆ ಒಬ್ಬರ ಹತ್ತಿರ ಹಾಕಿಸೋಣ ಅಂತ—"

"ಬೇಡ. ಕಂಡವರಿಂದ ಸ್ಟೀರಾಯ್ಡ್ ಚುಚ್ಚಿಸಿಕೊಂಡು, ಅದರ ಬಲ ಇಳಿದ ಮೇಲೆ ಮೈಯೆಲ್ಲ ಕೆಂಪೇರಿ ಜೀವಕ್ಕೇ ಕುತ್ತು ಬಂದವರನ್ನ ನೋಡಿದೀನಿ." ಆಕೆ ತಮ್ಮನ ಕಡೆ ತಿರುಗಿದಳು. "ಇತ್ತೀಚೆಗೆ ಗಂಟಲು ನೋವು ಬಂದಿತ್ತಾ?"

"ಬಂದಿತ್ತು. ನಾಲ್ಕು ವಾರ ಆಯ್ತು. ಎರಡು ದಿನ ಉಗುಳು ನುಂಗೋಕೂ ಆಗ್ಲಿಲ್ಲ. ತಾನಾಗೇ ಹೋಯ್ತು."

"ರಿಪೇರಿ ಆದ ಕ್ಲಾರಿನೆಟ್ಟನ್ನ ಹೇಗೆ ಪರೀಕ್ಷೆ ಮಾಡ್ತೀರಿ?"

ಚರ್ಮಕ್ಕೂ ಕ್ಲಾರಿನೆಟ್ಟಿಗೂ ಎತ್ತಣ ನಂಟು? ಆದರೂ ತಮ್ಮ ಹೇಳಿದ: "ಮೊದಲು ಅಣ್ಣ ಊದ್ತಾನೆ, ಹಿಂದೆಯೇ ನಾನು. ಇಬ್ಬರ ಕಿವಿಗೂ ಒಪ್ಪಿಗೆ ಆಗದೆ ಯಾವ ವಾದ್ಯವೂ ಹೊರಗೆ ಹೋಗಲ್ಲ. ಅಪ್ಪನ ಕಾಲದಿಂದ ಹೀಗೇ."

"ನಡುವೆ ಒರೆಸಲ್ವಾ?"

ತಮ್ಮ ನಾಚಿಕೊಂಡ. "ಒರೆಸಿದ್ರೆ ಅಣ್ಣನ ಎಂಜಲಿಗೆ ಹೇಸಿದ ಹಾಗಾಗುತ್ತೆ, ಮೇಡಂ."

ಡಾಕ್ಟರು ಇಬ್ಬರ ಗಂಟಲಿಂದಲೂ ಹತ್ತಿಕಡ್ಡಿಯಲ್ಲಿ ದ್ರವ ತೆಗೆದಳು. ಅಣ್ಣ ಮುಖ ಹಿಂಡಿದ. ತನಗೇಕೆ ಇದು?

ಮೂರನೆಯ ದಿನ ಇಬ್ಬರನ್ನೂ ಕೂರಿಸಿಕೊಂಡಳು.

"ಇದು ಸೋರಿಯಾಸಿಸ್, ಹನಿಹನಿಯಾಗಿ ಏಳೋ ಬಗೆ. ಮೈಯೊಳಗೆ ಅದರ ಒಲವು ಮೊದಲೇ ಇರುತ್ತೆ; ಗಂಟಲಿನ ಸೋಂಕು ಕೆಣಕಿದರೆ ಎರಡು ಮೂರು ವಾರಕ್ಕೆ ಏಳುತ್ತೆ. ಮುಲಾಮು ಕೊಡ್ತೀನಿ, ಬೇಕಾದ್ರೆ ಬೆಳಕಿನ ಚಿಕಿತ್ಸೆ. ಕೆಲವು ತಿಂಗಳು ತಾಳ್ಮೆ ಬೇಕು. ಯಾರಿಗೂ ಅಂಟಲ್ಲ."

"ಅಂಟಲ್ವಾ?" ತಮ್ಮ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ.

"ಚರ್ಮದ್ದು ಅಂಟಲ್ಲ. ಅಂಟೋದು ಗಂಟಲಿಂದು. ಎಲ್ಲರೂ ಇವರ ಬೆನ್ನು ನೋಡಿದ್ರಿ. ಪಕ್ಕದಲ್ಲಿ ಕೂತವರ ದನಿ ಯಾರೂ ಕೇಳಲಿಲ್ಲ." ಆಕೆ ಅಣ್ಣನತ್ತ ನೋಡಿದಳು. "ತಿಂಗಳ ಮೇಲಾಯ್ತು ಗಂಟಲು ಸರಿಯಿಲ್ಲ, ಅಲ್ವಾ? ಆ ರೋಗಾಣು ನಿಮ್ಮಲ್ಲಿ ಇನ್ನೂ ಇದೆ. ತಮ್ಮನಿಗೆ ದಾಟಿಸಿದ್ದು ನೀವೇ. ಔಷಧಿ ಶುರುವಾಗೋವರೆಗೆ ಮಕ್ಕಳಿಂದ ದೂರ ಇರಿ."

ಅಣ್ಣನ ಮುಖ ಬಿಳಿಚಿತು. ತಮ್ಮನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಭಯ.

"ಪುಟ್ಟಿ..." ಅಣ್ಣ ತೊದಲಿದ. "ಇಷ್ಟು ದಿನವೂ ನನ್ನ ತಟ್ಟೇಲೇ ಉಂಡಳು. ಬೆಳಿಗ್ಗೆ ಹಾಲು ನುಂಗೋಕೆ ಆಗದೆ ಅತ್ತಳು. ಹಟ ಅಂತ ಗದರಿದೆ ಕಣೋ."

ತಮ್ಮ ಆಗಲೇ ಬಾಗಿಲು ದಾಟಿದ್ದ. ಮನೆಯಲ್ಲಿ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಯಾರನ್ನೂ ಕೇಳದೆ ಬಾಚಿ ಎತ್ತಿಕೊಂಡ. ಅಂಗಿಯ ಮೇಲಿಂದಲೇ ಅವಳ ಮೈ ಸುಡುತ್ತಿತ್ತು.